ಎರಡೇ ತಂತಿಗಳ ಬೇಸ್ ಗಿಟಾರ್: ಶ್ರುತಿ ಹೇಗಿರಬೇಕು?

ಪ್ರಶ್ನೆ:
ನಾಲ್ಕು ತಂತಿಗಳ ನನ್ನ ಹಳೆಯ ಬೇಸ್ ಗಿಟಾರಿನಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡು, ಅಮೆರಿಕದ ಮಾರ್ಫಿನ್ ತಂಡದ ಮಾರ್ಕ್ ಸ್ಯಾಂಡ್‌ಮನ್ ಅವರಂತೆ ಸ್ಲೈಡ್ (ತಂತಿಗಳ ಮೇಲೆ ಜಾರಿಸುವ ಕೊಳವೆ) ಬಳಸಿ ನುಡಿಸಬೇಕೆಂದಿದ್ದೇನೆ. ಯಾವ ತಂತಿಗಳನ್ನು ಉಳಿಸಬೇಕು, ಶ್ರುತಿ ಹೇಗಿರಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1:
ಸ್ಯಾಂಡ್‌ಮನ್ ತಮ್ಮ ಎರಡು ತಂತಿಗಳನ್ನು ಹೆಚ್ಚಾಗಿ ಷಡ್ಜ-ಪಂಚಮದ ಅಂತರದಲ್ಲಿ ಶ್ರುತಿ ಮಾಡುತ್ತಿದ್ದರು. ನೀವು ದಪ್ಪನೆಯ ಇ (E) ಮತ್ತು ಎ (A) ತಂತಿಗಳನ್ನು ಉಳಿಸಿ, ಇ ತಂತಿಯನ್ನು ಡಿ (D) ಸ್ವರಕ್ಕೆ ಇಳಿಸಿದರೆ ಅದೇ ಅಂತರ ದೊರೆಯುತ್ತದೆ. ಇಪ್ಪತ್ತು ಫ್ರೆಟ್‌ಗಳಿರುವ (ಕುತ್ತಿಗೆಯ ಮೇಲೆ ಸ್ವರಸ್ಥಾನ ತೋರುವ ಅಡ್ಡಪಟ್ಟಿಗಳಿರುವ) ವಾದ್ಯವಾದರೆ ಆಗಲೂ ಎರಡು ಸ್ಥಾಯಿಗಳಿಗಿಂತ ಹೆಚ್ಚಿನ ವ್ಯಾಪ್ತಿ ಇರುತ್ತದೆ. ಕಳೆದುಹೋಗುವುದು ಸ್ವರಗಳಿಗಿಂತ ಹೆಚ್ಚಾಗಿ, ಕೈಯನ್ನು ಕದಲಿಸದೆ ದೂರದ ಸ್ವರಗಳನ್ನು ಮುಟ್ಟುವ ಅನುಕೂಲ.

ಉತ್ತರ 2:
ಶ್ರುತಿಗಿಂತ ಮೊದಲು ವಾದ್ಯದ ಕುತ್ತಿಗೆಯ ಬಗ್ಗೆ ಯೋಚಿಸಿ. ಒಂದೊಂದು ತಂತಿಯೂ ಸುಮಾರು 16ರಿಂದ 20 ಕಿಲೋಗ್ರಾಂ ಭಾರದಷ್ಟು ಎಳೆಯುವುದರಿಂದ, ಎರಡನ್ನು ತೆಗೆದಾಗ ಒಳಗಿದ್ದು ಕುತ್ತಿಗೆಯನ್ನು ನೇರವಾಗಿಡುವ ಲೋಹದ ಸಲಾಕೆಯಾದ ಟ್ರಸ್ ರಾಡ್‌ನ ಬಲವೇ ಮೇಲುಗೈಯಾಗಿ ಕುತ್ತಿಗೆ ಹಿಂದಕ್ಕೆ ಬಾಗುತ್ತದೆ, ತಂತಿಗಳು ಫ್ರೆಟ್‌ಗಳಿಗೆ ತಾಗಿ ಕರಕರ ಸದ್ದು ಮಾಡುತ್ತವೆ. ಟ್ರಸ್ ರಾಡ್ ಅನ್ನು ಕಾಲು ಸುತ್ತಿನಷ್ಟೇ ಸಡಿಲಿಸಿ, ಒಂದು ದಿನ ಬಿಟ್ಟು ಮತ್ತೆ ನೋಡಿ. ಸ್ಲೈಡ್‌ಗಾಗಿ ಬ್ರಿಜ್ಜಿನಲ್ಲಿ (ವಾದ್ಯದ ಒಡಲ ಮೇಲೆ ತಂತಿಗಳನ್ನು ಹೊರುವ ಭಾಗದಲ್ಲಿ) ತಂತಿಗಳನ್ನು ತುಸು ಎತ್ತರಿಸುವುದೂ ಅಗತ್ಯ.

ಉತ್ತರ 3:
ಉತ್ತರ 1ರ ಸಲಹೆಯಲ್ಲಿ ನನ್ನದೊಂದು ತಕರಾರಿದೆ: ಡಿ ಸ್ವರಕ್ಕೆ ಇಳಿಸಿದ ಸಾಧಾರಣ ಇ ತಂತಿ ಸ್ಲೈಡ್‌ನ ಭಾರಕ್ಕೆ ತೀರಾ ಸಡಿಲವೆನಿಸುತ್ತದೆ. ಅದರ ಬದಲು ಇ ತಂತಿಯನ್ನು ಹಾಗೆಯೇ ಬಿಟ್ಟು, ಎ ತಂತಿಯನ್ನು ಬಿ (B) ಸ್ವರಕ್ಕೆ ಏರಿಸುವುದು ಮೇಲು. ಮಾರ್ಫಿನ್ ತಂಡದಲ್ಲಿದ್ದ ಡಾನಾ ಕಾಲಿಯವರ ಬ್ಯಾರಿಟೋನ್ ಸ್ಯಾಕ್ಸೋಫೋನ್‌ನಂತಹ ಜೊತೆ ಇಲ್ಲದಿದ್ದರೆ, ಈ ನಾದ ಒಂಟಿಯಾಗಿ ಕೇಳಿಸುವ ಸಾಧ್ಯತೆಯೂ ಇದೆ.