ಸಹಾಯ ಬೇಕು: ಪೈಥಾನ್ ಯಾರಿಗೆ ನಿಜವಾಗಿ ಅರ್ಥವಾಗಿದೆ ಅಂತ ತಿಳಿಯೋದು ಹೇಗೆ?

ನಮಸ್ಕಾರ. ಶಿರಸಿಯ ಒಂದು ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲಿಸುತ್ತೇನೆ. 58 ಮಕ್ಕಳು, ಲ್ಯಾಬಿಗೆ ನಾನೊಬ್ಬಳೇ. ಯಾರು ಎಷ್ಟು ಪ್ರೋಗ್ರಾಂ ಮುಗಿಸಿದರು ಅಂತ ಗೂಗಲ್ ಶೀಟಿನಲ್ಲಿ ಬರೆದಿಡುತ್ತಾ ಬಂದೆ. ಶೀಟ್ ನೋಡಿದರೆ ಎಲ್ಲರೂ ಜಾಣರೇ! ಮೊನ್ನೆ ಲ್ಯಾಬ್ ರೆಕಾರ್ಡ್ ಪುಸ್ತಕ ಮುಚ್ಚಿಸಿ, ರೇಂಜ್(1, 5) ಕೊಟ್ಟರೆ ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಕೋಡ್) ಎಷ್ಟು ಸಲ ತಿರುಗುತ್ತದೆ ಅಂತ ಕೇಳಿದೆ. ಅರ್ಧ ಕ್ಲಾಸು 5 ಅಂದಿತು. (ತಿರುಗೋದು 1ರಿಂದ 4ರವರೆಗೆ 4 ಸಲ, ಕೊನೆಯ 5 ಲೆಕ್ಕಕ್ಕಿಲ್ಲ.)

ವಾರಕ್ಕೊಂದು ಕ್ವಿಜ್ ಇಟ್ಟೆ, ಉತ್ತರ ವಾಟ್ಸಾಪಿನಲ್ಲಿ ಓಡಾಡಿತು. ಕ್ಲಾಸ್ ಮುಗಿದ ಮೇಲೆ ಒಬ್ಬೊಬ್ಬರನ್ನೇ ಕೂರಿಸಿ ಕೇಳೋಣ ಅಂದರೆ ಸಿದ್ದಾಪುರ, ಬನವಾಸಿ ಕಡೆಯವರು ಬಸ್ಸಿಗೆ ಓಡುತ್ತಾರೆ.

ಮುಗಿಸಿದ್ದು ಎಷ್ಟು ಅಂತ ಗೊತ್ತು, ಅರ್ಥವಾಗಿದ್ದು ಎಷ್ಟು ಅಂತ ಗೊತ್ತಾಗುತ್ತಿಲ್ಲ. ಎರಡು ತಾಸಿನ ಲ್ಯಾಬಿನೊಳಗೇ ಇದನ್ನು ಗುರುತಿಸಲು, ಪ್ರತಿಯೊಬ್ಬರ ಹೆಸರಿನ ಮುಂದೆ ವಾರವಾರ ಏನು ಬರೆದುಕೊಳ್ಳಲಿ? ನೀವು ಯಾರಾದರೂ ಮಾಡಿ ನೋಡಿದ್ದರೆ ಹೇಳ್ತೀರಾ?