ಸಣ್ಣ ಮನೆಯ ಕಿಟಕಿ ಕೆಲಸಕ್ಕೆ ಎಷ್ಟು ಕೇಳಬೇಕು, ಹಳೆಯ ಗಿರಾಕಿಗಳಿಗೆ ದರ ಹೇಗೆ ಏರಿಸಬೇಕು?

ಪ್ರಶ್ನೆ: ವಿಜಯನಗರ, ಬೆಂಗಳೂರಿನಿಂದ

ಎಲ್ಲರಿಗೂ ನಮಸ್ಕಾರ. ನಾನು 2022ರಿಂದ ಮನೆಗಳ ಕಿಟಕಿ ಸ್ವಚ್ಛಗೊಳಿಸುವ ಕೆಲಸ ಮಾಡುತ್ತಿದ್ದೇನೆ. ಜೊತೆಗೆ ಒಬ್ಬ ಹುಡುಗನಿದ್ದಾನೆ. ಒಂದು ಸ್ಕೂಟರ್, ಮಡಚುವ ಏಣಿ, ಎರಡು ಬಕೆಟ್, ರಬ್ಬರಿನ ವೈಪರ್ ಮತ್ತು ಒಂದು ಚೀಲ ಮೈಕ್ರೋಫೈಬರ್ ಬಟ್ಟೆ, ಇಷ್ಟೇ ನನ್ನ ಬಂಡವಾಳ. ದೊಡ್ಡ ಕಚೇರಿಗಳ ಕೆಲಸಕ್ಕೆ ನಾನು ಹೋಗುವುದಿಲ್ಲ; ನನ್ನ ಗಿರಾಕಿಗಳೆಲ್ಲ ಎರಡು ಅಥವಾ ಮೂರು ಮಲಗುವ ಕೋಣೆಗಳ ಮನೆಯವರು.

ಶುರು ಮಾಡಿದಾಗ ಕಿಟಕಿಯೊಂದಕ್ಕೆ 110 ರೂಪಾಯಿ ಎಂದು ಹೇಳಿದ್ದೆ, ಇಂದಿಗೂ ಅದನ್ನೇ ಪಡೆಯುತ್ತಿದ್ದೇನೆ. ಈ 110ರಲ್ಲಿ ಎರಡು ಗಾಜು, ಒಂದು ಸೊಳ್ಳೆ ಜಾಲರಿ, ಗ್ರಿಲ್ ಮತ್ತು ಗಾಜು ಜಾರುವ ಟ್ರ್ಯಾಕ್ ಎಲ್ಲವೂ ಸೇರಿವೆ. ಐದು ಕಿಟಕಿಗಳ ಮನೆಯಿಂದ 550 ರೂಪಾಯಿ ಬರುತ್ತದೆ, ಬಚ್ಚಲುಮನೆಯ ವೆಂಟಿಲೇಟರನ್ನು ಪುಕ್ಕಟೆಯಾಗಿ ಒರೆಸಿಕೊಡುತ್ತೇನೆ. ದಿನಕ್ಕೆ ಮೂರು ಮನೆಗಳಿಗಿಂತ ಹೆಚ್ಚು ಮುಗಿಯುವುದಿಲ್ಲ. ಅಂದರೆ ದಿನಕ್ಕೆ 1650 ರೂಪಾಯಿ. ಅದರಲ್ಲಿ ಹುಡುಗನಿಗೆ 900, ಪೆಟ್ರೋಲು, ಚಹಾ, ಊಟ, ಸೋಪಿನ ದ್ರಾವಣ ಎಂದು ಸುಮಾರು 250 ಹೋದರೆ ನನ್ನ ಕೈಯಲ್ಲಿ ಉಳಿಯುವುದು 500. ಹುಡುಗನಿಗಿಂತ ನನಗೇ ಕಡಿಮೆ ಸಿಗುತ್ತಿದೆ ಎಂಬುದು ಕಳೆದ ತಿಂಗಳು ಒಂದು ಸಂಜೆ ಲೆಕ್ಕ ಬರೆಯಲು ಕುಳಿತಾಗಷ್ಟೇ ಹೊಳೆಯಿತು.

ಕಿಟಕಿಗೆ 200 ಎಂದರೆ ಹಳಬರು ಬಿಟ್ಟುಹೋಗುತ್ತಾರೇನೋ ಎಂಬ ಹೆದರಿಕೆಯಿದೆ. ಇನ್ನೊಂದು ತೊಂದರೆಯೆಂದರೆ, ಹೋದ ವಾರ ಜೆ.ಪಿ. ನಗರದ ಒಂದು ಮನೆಯಲ್ಲಿ ಬಚ್ಚಲಿನ ಗಾಜಿನ ಮೇಲಿದ್ದ ಬಿಳಿ ಕಲೆಗಳನ್ನು ತೆಗೆಯಲು ನಲವತ್ತು ನಿಮಿಷ ಒದ್ದಾಡಿದೆವು. ಕಲೆ ಪೂರ್ತಿ ಹೋಗಲಿಲ್ಲ, ಹಣವನ್ನೂ ಕೇಳಲಾಗಲಿಲ್ಲ. ಅನುಭವಸ್ಥರು ದಾರಿ ತೋರಿಸಬೇಕಾಗಿ ವಿನಂತಿ.

ಉತ್ತರ 1: ಮೈಸೂರಿನಿಂದ, ಇದೇ ಕೆಲಸ ಮಾಡುವವರು

ನಿಮ್ಮ ಕಿಟಕಿಯ ದರದಲ್ಲಿ ಹೇಳಿಕೊಳ್ಳುವಂಥ ತಪ್ಪಿಲ್ಲ. ನೀವು ಬಿಟ್ಟಿರುವುದು ಕಿಟಕಿಯ ತನಕ ಹೋಗುವ ಖರ್ಚನ್ನು. ಮೂರು ಕಿಟಕಿಯ ಮನೆಯಾದರೂ ಹತ್ತು ಕಿಟಕಿಯ ಮನೆಯಾದರೂ ಏಣಿಯನ್ನು ಮೂರನೆಯ ಮಹಡಿಗೆ ಹೊರುವುದು, ಗೇಟಿನಲ್ಲಿ ಹೆಸರು ಬರೆಸುವುದು, ಸೋಫಾ ಸರಿಸಿ ಪರದೆ ಕಟ್ಟುವುದು, ಕೊನೆಗೆ ನೆಲ ಒರೆಸಿ ಮನೆಯವರಿಗೆ ಒಂದೊಂದೇ ಕಿಟಕಿ ತೋರಿಸುವುದು, ಇವಕ್ಕೆಲ್ಲ ಹೆಚ್ಚುಕಡಿಮೆ ಅಷ್ಟೇ ಹೊತ್ತು ಹಿಡಿಯುತ್ತದೆ. ಬರೀ ಕಿಟಕಿ ಎಣಿಸಿ ಹಣ ಕೇಳಿದರೆ ಈ ಹೊತ್ತಿಗೆ ದುಡ್ಡು ಕೊಡುವವರು ಯಾರೂ ಇರುವುದಿಲ್ಲ, ಆದ್ದರಿಂದಲೇ ಸಣ್ಣ ಮನೆಗಳು ಗಿಟ್ಟುವುದಿಲ್ಲ.

ಲೆಕ್ಕವನ್ನು ಕಿಟಕಿಯಿಂದ ಶುರು ಮಾಡದೆ ದಿನದಿಂದ ಶುರು ಮಾಡಿ. ನಿಮ್ಮ ಸ್ವಂತ ಕೂಲಿ 1200, ಹುಡುಗನದು 900, ಖರ್ಚು 250, ಮಳೆ ಬಂದು ಕೆಲಸ ನಿಂತ ದಿನಗಳಿಗೂ ಸವೆದ ರಬ್ಬರು, ಮುರಿದ ಏಣಿಗೂ ತೆಗೆದಿಡಬೇಕಾದ 350. ಒಟ್ಟು 2700. ದಿನಕ್ಕೆ ಮೂರೇ ಮನೆ ಸಾಧ್ಯವಿರುವಾಗ ಪ್ರತಿ ಮನೆಯಿಂದ 900 ಬರಲೇಬೇಕು. ಅದನ್ನು ಮನೆಗೆ ಬಂದು ಹೋಗುವುದಕ್ಕೆ 350, ಕಿಟಕಿಗೆ ನೀವು ಈಗ ಪಡೆಯುತ್ತಿರುವ 110 ಎಂದು ಒಡೆದರೆ ಐದು ಕಿಟಕಿಗೆ ಸರಿಯಾಗಿ 900 ಆಗುತ್ತದೆ. ಮೂರು ಕಿಟಕಿಯ ಮನೆಗೆ 680, ಎಂಟಕ್ಕೆ 1230. ಮೂರಕ್ಕಿಂತ ಕಡಿಮೆ ಕಿಟಕಿಗಳಿದ್ದರೂ 680ಕ್ಕಿಂತ ಕೆಳಗೆ ಇಳಿಯಬೇಡಿ. ಅದೇ ಅಪಾರ್ಟ್‌ಮೆಂಟಿನಲ್ಲಿ ಅದೇ ದಿನ ಎರಡು ಮನೆ ಸಿಕ್ಕರೆ ಬಂದು ಹೋಗುವ 350ನ್ನು ಇಬ್ಬರಿಗೂ ಹಂಚಿಬಿಡಿ. ಪಕ್ಕದ ಮನೆಯವರನ್ನು ಅವರೇ ಕರೆತರುತ್ತಾರೆ, ನೀವು ಜಾಹೀರಾತು ಹಾಕಬೇಕಾಗಿಲ್ಲ.

ಎಲ್ಲ ಕಿಟಕಿಗಳೂ ಒಂದೇ ಅಲ್ಲ ಎಂಬುದನ್ನೂ ದರದಲ್ಲಿ ತೋರಿಸಿ. ಅಡುಗೆಮನೆಯ ಕಿಟಕಿಯ ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಿದ್ದೀರಲ್ಲ? ಒಗ್ಗರಣೆಯ ಎಣ್ಣೆಯೂ ರಸ್ತೆಯ ಧೂಳೂ ಸೇರಿ ಕಣ್ಣುಗಳೇ ಮುಚ್ಚಿಹೋಗಿರುತ್ತವೆ. ಅದನ್ನು ಬಿಚ್ಚಿ, ಬಿಸಿನೀರಿನಲ್ಲಿ ನೆನೆಸಿ, ಉಜ್ಜಿ, ಒಣಗಿಸಿ ಮತ್ತೆ ಕೂರಿಸುವಷ್ಟರಲ್ಲಿ ನಡುಮನೆಯ ಎರಡು ಕಿಟಕಿಗಳು ಮುಗಿದಿರುತ್ತವೆ. ಪಾರಿವಾಳಗಳು ಕೂರುವ ಕಡೆಯ ಟ್ರ್ಯಾಕಿನಲ್ಲಿ ಪುಕ್ಕ, ಹಿಕ್ಕೆ, ಒಣಗಿದ ಕೆಸರು ಗಟ್ಟಿಯಾಗಿ ಕೂತಿರುತ್ತದೆ. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಅದನ್ನು ಕೆದಕಿ ತೆಗೆಯದೆ ನೀರು ಹಾಕಿದರೆ ನೀರು ಹೊರಹೋಗುವ ತೂತು ಕಟ್ಟಿ, ಮುಂದಿನ ಮಳೆಗೆ ನೀರು ಮನೆಯೊಳಗೆ ಬರುತ್ತದೆ, ದೂರು ನಿಮ್ಮ ಮೇಲೆ ಬರುತ್ತದೆ. ಇಂಥವಕ್ಕೆ ನಾನು ಒಂದೂವರೆ ಕಿಟಕಿಯ ಲೆಕ್ಕ ಹಿಡಿಯುತ್ತೇನೆ. ಬಚ್ಚಲಿನ ವೆಂಟಿಲೇಟರಿನಲ್ಲಿ ಓರೆಯಾಗಿ ಜೋಡಿಸಿರುವ ಲೌವರ್ ಗಾಜುಗಳನ್ನು ಒಂದೊಂದಾಗಿ ಜಾರಿಸಿ ತೆಗೆಯಬೇಕು, ಒಂದು ಕೈತಪ್ಪಿ ಬಿದ್ದರೆ ಆ ದಿನದ ಲಾಭವೇ ಹೋಯಿತು. ಅದನ್ನು ಪುಕ್ಕಟೆ ಮಾಡುವುದನ್ನು ಇಂದೇ ನಿಲ್ಲಿಸಿ.

ಇನ್ನು ಆ ಬಿಳಿ ಕಲೆ ಕೊಳೆಯಲ್ಲ. ಕೊಳವೆಬಾವಿಯ ಗಡಸು ನೀರು ಗಾಜಿನ ಮೇಲೆ ಒಣಗಿದಾಗ ಅದರಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಅಲ್ಲಿಯೇ ಉಳಿದುಬಿಡುತ್ತವೆ. ಸೋಪಿಗೆ ಅವು ಜಗ್ಗುವುದಿಲ್ಲ, ಹುಳಿಗೆ ಜಗ್ಗುತ್ತವೆ. ಸಿಟ್ರಿಕ್ ಆಮ್ಲವನ್ನು ನೀರಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಅದ್ದಿ ಐದು ನಿಮಿಷ ಗಾಜಿಗೆ ಅಂಟಿಸಿಟ್ಟು ಒರೆಸಬೇಕು. ಆದರೆ ಕಿಟಕಿಯ ಕಟ್ಟೆಗೆ ಕಡಪ ಕಲ್ಲೋ ಅಮೃತಶಿಲೆಯೋ ಹಾಕಿದ್ದರೆ ಒಂದು ಹನಿಯೂ ಬೀಳದಂತೆ ಟವೆಲ್ ಹಾಸಿಕೊಳ್ಳಿ. ಅವೆರಡೂ ಸುಣ್ಣದ ಜಾತಿಯ ಕಲ್ಲುಗಳಾದ್ದರಿಂದ ಹುಳಿ ಬಿದ್ದಲ್ಲಿ ಹೊಳಪು ಹೋಗುತ್ತದೆ. ವರ್ಷಗಟ್ಟಲೆ ಬಿಟ್ಟ ಕಲೆ ಗಾಜನ್ನೇ ತಿಂದಿದ್ದರೆ ಯಾರು ಉಜ್ಜಿದರೂ ಹೋಗುವುದಿಲ್ಲ. ಆದ್ದರಿಂದ ಮೊದಲು ಅಂಗೈಯಗಲದ ಜಾಗದಲ್ಲಿ ಪರೀಕ್ಷೆ ಮಾಡಿ, ಮನೆಯವರಿಗೆ ತೋರಿಸಿ, ಆಮೇಲೆ ಬೆಲೆ ಹೇಳಿ. ನಾನು ಇದನ್ನು ಗಂಟೆಯ ಲೆಕ್ಕದಲ್ಲಿ ಬೇರೆಯಾಗಿಯೇ ಪಡೆಯುತ್ತೇನೆ.

ಹಳಬರಿಗೆ ಒಂದೇ ಸಲಕ್ಕೆ ಹೊಸ ದರ ಹೇಳಿಬಿಡಿ. ಮೂರು ವರ್ಷಕ್ಕೂ ಮೇಲೆ ಏರಿಸಿಲ್ಲ ಎಂಬುದೇ ಸಾಕಷ್ಟು ಕಾರಣ.

ಉತ್ತರ 2: ಬಸವೇಶ್ವರನಗರದಿಂದ, ನಿವೃತ್ತ ಶಿಕ್ಷಕಿ

ನಾನು ಈ ಕೆಲಸ ಮಾಡಿಸಿಕೊಳ್ಳುವವಳು, ಮಾಡುವವಳಲ್ಲ. ಆದರೂ ಗಿರಾಕಿಯ ಕಡೆಯ ಮಾತೊಂದು ಇಲ್ಲಿರಲಿ ಎಂದು ಬರೆಯುತ್ತಿದ್ದೇನೆ.

ದರ ಏರಿದ್ದಕ್ಕೆ ನಾನು ಯಾರನ್ನೂ ಬಿಟ್ಟಿಲ್ಲ. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ ನಾಲ್ಕು ರೂಪಾಯಿ ಏರಿತು, ಅದಕ್ಕೆ ಮೊದಲು ಜನವರಿಯಲ್ಲಿ ಬಸ್ಸಿನ ದರ, ಫೆಬ್ರವರಿಯಲ್ಲಿ ಮೆಟ್ರೋ ದರ. ಕೆಲಸಕ್ಕೆ ಬರುವವರ ಮನೆಯಲ್ಲೂ ಹಾಲು ಕಾಯಿಸುತ್ತಾರೆ ಎಂಬುದು ನಮಗೆ ಗೊತ್ತಿರುತ್ತದೆ. ನನಗೆ ಬೇಸರ ತರುವುದು ಬೇರೆ. ಎರಡು ವರ್ಷಗಳ ಹಿಂದೆ ಒಬ್ಬರು ಕಿಟಕಿ ಕೆಲಸಕ್ಕೆ ಬಂದಿದ್ದರು. ಎಷ್ಟಾಗುತ್ತದೆ ಎಂದು ಮೂರು ಸಲ ಕೇಳಿದೆ. ಮೂರು ಸಲವೂ "ನೀವೇ ನೋಡಿ ಕೊಡಿ ಅಮ್ಮ" ಎಂದರು. ಕೆಲಸ ಚೆನ್ನಾಗಿಯೇ ಆಯಿತು. ಕೊನೆಗೆ ನಾನು ನೋಡಿ ಕೊಟ್ಟದ್ದು ಅವರಿಗೆ ಸಾಲಲಿಲ್ಲ. ಅವರು ಮುಖ ಸಣ್ಣದು ಮಾಡಿಕೊಂಡು ಮೆಟ್ಟಿಲಿಳಿದರು, ನಾನು ಕೊಟ್ಟ ಹಣ ಹೆಚ್ಚೋ ಕಡಿಮೆಯೋ ಎಂದು ಸಂಜೆಯವರೆಗೆ ತಲೆ ಕೆಡಿಸಿಕೊಂಡೆ. ಮತ್ತೆ ಅವರನ್ನು ಕರೆಯಲಿಲ್ಲ. 900 ಎಂದು ಬಾಗಿಲಲ್ಲೇ ಹೇಳಿದ್ದರೆ ಕೊಡುತ್ತಿದ್ದೆ.

ಆದ್ದರಿಂದ ಫೋನಿನಲ್ಲಿಯೇ ಕಿಟಕಿಗಳ ಫೋಟೋ ತರಿಸಿಕೊಂಡು, ಒಟ್ಟು ಮೊತ್ತವನ್ನು ಬರುವ ಮೊದಲೇ ಬರೆದು ಕಳುಹಿಸಿ. ಆಮೇಲೆ ನಿಮ್ಮ ಹುಡುಗ ಹೊರಡುವಾಗ ಬಾಗಿಲಲ್ಲಿ ನಿಂತು ಚಹಾಕ್ಕೆ ಕೇಳದಂತೆ ನೋಡಿಕೊಳ್ಳಿ. ಹಣ ಚಿಕ್ಕದು, ಕಿರಿಕಿರಿ ದೊಡ್ಡದು.

ಉತ್ತರ 3: ಹುಬ್ಬಳ್ಳಿಯಿಂದ, ಸೋಫಾ ಮತ್ತು ನೀರಿನ ತೊಟ್ಟಿ ಸ್ವಚ್ಛತೆಯ ಕೆಲಸದವರು

ಮೈಸೂರಿನವರ ಲೆಕ್ಕವನ್ನು ನಾನು ಒಪ್ಪುತ್ತೇನೆ, ಅವರ ಕೊನೆಯ ಸಲಹೆಯನ್ನು ಒಪ್ಪುವುದಿಲ್ಲ. 550 ಇದ್ದದ್ದು 900 ಆದರೆ ಅದು ನೂರಕ್ಕೆ ಅರವತ್ತಕ್ಕೂ ಮೇಲಿನ ಏರಿಕೆ. ಹೊಸ ಗಿರಾಕಿಗೆ 900 ಎಂಬುದು ಬರೀ ಒಂದು ಬೆಲೆ, ಹಳೆಯ ಗಿರಾಕಿಗೆ ಅದು 350 ರೂಪಾಯಿಯ ಪೆಟ್ಟು. ಹೊಸಬರಿಗೆ ಇಂದಿನಿಂದಲೇ 900 ಹೇಳಿ. ಹಳಬರಿಗೆ ಈ ಸಲ 725, ಆರು ತಿಂಗಳ ನಂತರ 900 ಎಂದು ಎರಡನ್ನೂ ಒಂದೇ ಸಂದೇಶದಲ್ಲಿ ತಿಳಿಸಿ. ಎರಡನೆಯ ಏರಿಕೆಯನ್ನು ಮುಚ್ಚಿಟ್ಟು ಆಮೇಲೆ ಹೇಳಿದರೆ ಮಾತ್ರ ಕೆಟ್ಟ ಹೆಸರು ಬರುತ್ತದೆ. ಒಂದೇ ಸಲಕ್ಕೆ ಏರಿಸಿ ನಾನು ಹಿಂದೊಮ್ಮೆ ಕೈ ಸುಟ್ಟುಕೊಂಡಿದ್ದೇನೆ: ಹೋದದ್ದು ನಾಲ್ಕು ಮನೆ, ಆದರೆ ಆ ನಾಲ್ಕೂ ಮನೆಯವರು ಬೇರೆಯವರಿಗೆ ನನ್ನ ನಂಬರ್ ಕೊಡುತ್ತಿದ್ದ ಮಂದಿ.

ಹೊತ್ತು ನೋಡಿ ಹೇಳುವುದೂ ಮುಖ್ಯ. ಗಣೇಶ ಹಬ್ಬಕ್ಕೆ ಎರಡು ದಿನ ಇರುವಾಗಲೋ ದೀಪಾವಳಿಯ ವಾರದಲ್ಲೋ ದರ ಏರಿಸಿದರೆ ಅದು ಏರಿಕೆಯೆನಿಸುವುದಿಲ್ಲ, ಅವಸರವನ್ನು ಬಳಸಿಕೊಂಡಂತೆ ಕಾಣುತ್ತದೆ. ನಾನು ಯುಗಾದಿಯಿಂದ ಹೊಸ ದರ ಎಂದು ಇಟ್ಟುಕೊಂಡಿದ್ದೇನೆ, ಒಂದು ತಿಂಗಳ ಮೊದಲೇ ತಿಳಿಸುತ್ತೇನೆ. ಸಂದೇಶದಲ್ಲಿ ಕ್ಷಮೆ ಕೇಳಬೇಡಿ, ಕಷ್ಟ ಹೇಳಿಕೊಳ್ಳಬೇಡಿ. ನಿಮ್ಮ ಸಂದೇಶ ಹೀಗಿರಲಿ: "ನಮಸ್ಕಾರ. 2022ರಿಂದ ಒಂದೇ ದರದಲ್ಲಿ ಕೆಲಸ ಮಾಡುತ್ತ ಬಂದಿದ್ದೇವೆ. ಮುಂದಿನ ತಿಂಗಳ ಒಂದನೆಯ ತಾರೀಖಿನಿಂದ ನಿಮ್ಮ ಮನೆಯ ಕೆಲಸಕ್ಕೆ ಇಷ್ಟು ರೂಪಾಯಿ, ಆರು ತಿಂಗಳ ನಂತರ ಇಷ್ಟು ರೂಪಾಯಿ ಆಗುತ್ತದೆ. ಮೊದಲಿನಂತೆಯೇ ಇವಿಷ್ಟು ಕೆಲಸಗಳು ಇದರಲ್ಲಿ ಸೇರಿವೆ. ಬರಬೇಕಾದ ದಿನವನ್ನು ತಿಳಿಸಿ." ಇದಕ್ಕಿಂತ ಒಂದು ಸಾಲು ಹೆಚ್ಚಾದರೂ ಚೌಕಾಸಿಗೆ ಬಾಗಿಲು ತೆರೆದಂತೆ.

ಯಾರಾದರೂ ಜಾಸ್ತಿಯಾಯಿತು ಎಂದರೆ ದರ ಇಳಿಸಬೇಡಿ, ಕೆಲಸ ಇಳಿಸಿ. ಐದರ ಬದಲು ಮೂರು ಕಿಟಕಿ ಮಾಡೋಣ ಎನ್ನಿ.

ಜಿಎಸ್‌ಟಿಯ ವಿಷಯವನ್ನು ಯಾರೂ ಎತ್ತಿಲ್ಲವಾದ್ದರಿಂದ ಒಂದು ಮಾತು. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಬಂದ ಮೇಲೆ ನಮ್ಮಂಥ ಹಲವರು ಕ್ಯೂಆರ್ ಕೋಡನ್ನೇ ತೆಗೆದುಹಾಕಿದರು. ಸೇವೆಗಳಿಗೆ ನೋಂದಣಿ ಕಡ್ಡಾಯವಾಗುವುದು ವರ್ಷದ ವಹಿವಾಟು 20 ಲಕ್ಷ ದಾಟಿದಾಗ. ನಿಮ್ಮ ದಿನದ 2700ನ್ನು ತಿಂಗಳಿಗೆ 25 ದಿನದಂತೆ ಹಿಡಿದರೂ ವರ್ಷಕ್ಕೆ 8 ಲಕ್ಷ 10 ಸಾವಿರ. ಹೆದರದೆ ಯುಪಿಐ ತೆಗೆದುಕೊಳ್ಳಿ, ಪುಸ್ತಕದಲ್ಲಿ ಬರೆದಿಡಿ. ನೋಂದಣಿ ಇಲ್ಲದೆ ತೆರಿಗೆಯ ಹೆಸರಿನಲ್ಲಿ ಯಾರಿಂದಲೂ ಹಣ ಪಡೆಯಬೇಡಿ.

ಉತ್ತರ 4: ಇಂಗ್ಲೆಂಡಿನಲ್ಲಿರುವ ಕನ್ನಡಿಗರು

ಇಲ್ಲಿ ನಮ್ಮ ಬೀದಿಗೆ ಎಂಟು ವಾರಕ್ಕೊಮ್ಮೆ ಕಿಟಕಿ ತೊಳೆಯುವವರು ಬರುತ್ತಾರೆ, ಅದನ್ನು ರೌಂಡ್ ಎನ್ನುತ್ತಾರೆ. ಒಂದೇ ಬೀದಿಯಲ್ಲಿ ಸಾಲಾಗಿ ಹತ್ತಾರು ಮನೆಗಳು ಅವರ ಗಿರಾಕಿಗಳಾಗಿರುವುದರಿಂದ ಓಡಾಟಕ್ಕೆ ಅವರು ಹೆಚ್ಚು ಕೇಳಬೇಕಾಗಿಲ್ಲ. ಹೊರಗಿನ ಗಾಜನ್ನು ಮಾತ್ರ, ನೆಲದ ಮೇಲೆ ನಿಂತೇ, ಉದ್ದನೆಯ ಕೋಲಿನ ತುದಿಯ ಬ್ರಶ್ಶಿನಿಂದ ಉಜ್ಜುತ್ತಾರೆ. ಲವಣ ತೆಗೆದ ಶುದ್ಧ ನೀರಾದ್ದರಿಂದ ಒರೆಸದೆ ಬಿಟ್ಟರೂ ಕಲೆ ಉಳಿಯುವುದಿಲ್ಲ. ನಮ್ಮೂರಿನ ಕಿಟಕಿಗಳಿಗೆ ಗ್ರಿಲ್ ಇರುವುದರಿಂದ ಆ ಕೋಲು ಹೆಚ್ಚಿನ ಕಡೆ ಉಪಯೋಗಕ್ಕೆ ಬಾರದು. ಆದರೆ ಒಂದೇ ಬೀದಿ ಎಂಬ ಉಪಾಯ ವಿಜಯನಗರದಲ್ಲೂ ನಡೆಯಬೇಕು. ಜೆ.ಪಿ. ನಗರದ ತನಕ ಹೋಗುವುದೇಕೆ?

ಪ್ರಶ್ನೆ ಕೇಳಿದವರಿಂದ, ಎರಡು ವಾರಗಳ ನಂತರ

ಎಲ್ಲರಿಗೂ ಧನ್ಯವಾದಗಳು. ಜೆ.ಪಿ. ನಗರಕ್ಕೆ ಹೋಗುವುದೇಕೆಂದರೆ ನನ್ನ ಮೊದಲ ಗಿರಾಕಿ ಅಲ್ಲಿಯವರು, ಅವರನ್ನು ಬಿಡಲು ಮನಸ್ಸಿಲ್ಲ. ಅವರ ಅಪಾರ್ಟ್‌ಮೆಂಟಿನಲ್ಲಿಯೇ ಇನ್ನೊಂದು ಮನೆ ಹುಡುಕಿಕೊಡಿ, ಇಬ್ಬರಿಗೂ 175 ಕಡಿಮೆಯಾಗುತ್ತದೆ ಎಂದು ಕೇಳಿದ್ದೇನೆ. ಮಹಡಿಯ ಮೇಲೆ ಬಾಲ್ಕನಿಯಿಲ್ಲದ ಕಡೆ ಹೊರಗಿನ ಗಾಜು ಒರೆಸಿಕೊಡಿ ಎಂದವರಿಗೆ ಇನ್ನು ಮುಂದೆ ಬೆಲೆಯನ್ನೇ ಹೇಳುವುದಿಲ್ಲ. ಕಿಟಕಿಯ ಗಾಜಿನ ಶಟರ್ ಕಳಚಿ ಒಳಗೆ ತರಲಾದರೆ ಮಾಡುತ್ತೇನೆ, ಇಲ್ಲವಾದರೆ ಇಲ್ಲ.

ಹೊಸಬರಿಗೆ 350 ಮತ್ತು 110ರ ಲೆಕ್ಕ ಹೇಳಲು ಶುರು ಮಾಡಿದ್ದೇನೆ. ಆರು ಜನ ಫೋನ್ ಮಾಡಿದರು, ನಾಲ್ವರು ಒಪ್ಪಿದರು. "ಬರುವುದಕ್ಕೇ ದುಡ್ಡೇ?" ಎಂದು ಒಬ್ಬರು ನಕ್ಕರು. ಆದ್ದರಿಂದ ಈಗ ಒಡೆದು ಹೇಳದೆ, ಫೋಟೋ ನೋಡಿ ಒಟ್ಟು ಮೊತ್ತವನ್ನಷ್ಟೇ ಬರೆಯುತ್ತೇನೆ.

ಹಳಬರಲ್ಲಿ ಸದ್ಯಕ್ಕೆ ಐವರಿಗೆ ಮಾತ್ರ ಹುಬ್ಬಳ್ಳಿಯವರ ಮಾದರಿಯಲ್ಲಿ, 725 ಮತ್ತು 900 ಎರಡನ್ನೂ ಸೇರಿಸಿ ಸಂದೇಶ ಕಳುಹಿಸಿದೆ. ಮೂವರು ಆಗಲಿ ಎಂದರು; ಅವರಲ್ಲೊಬ್ಬರು ಇಷ್ಟು ದಿನ ಹೇಗೆ ಗಿಟ್ಟುತ್ತಿತ್ತು ಎಂದು ನನ್ನನ್ನೇ ಕೇಳಿದರು. ನಾಲ್ಕನೆಯವರು ಹಳೆಯ ದರಕ್ಕೇ ಮಾಡಿ ಎಂದು ಎರಡು ಸಲ ಫೋನ್ ಮಾಡಿದರು. ಅಡುಗೆಮನೆ, ನಡುಮನೆಯ ಕಿಟಕಿ ಎರಡನ್ನಷ್ಟೇ ಈ ಸಲ 550ಕ್ಕೆ ಮಾಡಿಕೊಡುತ್ತೇನೆ ಎಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಭಾನುವಾರ ಬನ್ನಿ ಎಂದರು. ಮೈಸೂರಿನವರ 680ರ ಗೆರೆಗಿಂತ ಇದು ಕೆಳಗಾಯಿತು ಎಂಬುದು ಗೊತ್ತು, ಹಳಬರೆಂದು ಒಮ್ಮೆ ಬಿಟ್ಟುಕೊಟ್ಟೆ. ಐದನೆಯವರ ಉತ್ತರ ಇನ್ನೂ ಬಂದಿಲ್ಲ. ಸಂದೇಶಕ್ಕೆ ಓದಿದ್ದಾರೆಂಬ ನೀಲಿ ಗೀಟು ಬಿದ್ದು ಎರಡು ದಿನವಾಯಿತು.