ಅವ್ವನ ಮೊಣಕಾಲಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿದ್ರ ಕಣ್ಣಿನ ಪ್ರೆಶರ್ ಏರತೈತೇನ್ರಿ?

ನವನಗರದಾಂವ, ಬಾಗಲಕೋಟಿ:
ನಮಸ್ಕಾರ್ರಿ ಎಲ್ಲಾರಿಗೂ. ನಮ್ಮವ್ವಗ 68 ವರ್ಷ, ಎರಡೂ ಮೊಣಕಾಲು ಸವದಾವು, ಕೆಳಗ ಕುಂತ್ರ ಗ್ವಾಡಿ ಹಿಡಕೊಂಡ ಏಳಬೇಕು. ಎಲುಬಿನ ಡಾಕ್ಟರ್ ಎರಡೂ ಕಾಲಿಗೆ ಟ್ರಯಾಮ್ಸಿನೋಲೋನ್ ಅನ್ನೂ ಸ್ಟೀರಾಯ್ಡ್ 40 ಮಿಲಿಗ್ರಾಂ ಹಾಕೂಣು ಅಂದಾರ. ಆದ್ರ ಅವ್ವಗ ಕಾಚಬಿಂದು (ಗ್ಲಾಕೋಮಾ, ಕಣ್ಣಿನ ನರ ಸೋಲೂ ಬ್ಯಾನಿ) ಐತ್ರಿ, ಕಣ್ಣಿನ ಪ್ರೆಶರ್ ಇಳಸಾಕ ದಿನಾ ರಾತ್ರಿ ಲ್ಯಾಟನೋಪ್ರೋಸ್ಟ್ ಹನಿ ಹಾಕ್ತೀವಿ, ಹೋದ ಸಲ ಆ ಪ್ರೆಶರ್ 17 ಇತ್ತು. ಕಾಲಿಗೂ ಕಣ್ಣಿಗೂ ಏನ್ ಸಂಬಂಧಲೇ ಅಂತ ಮನ್ಯಾಗ ನನ್ನ ನೋಡಿ ನಗಾಕತ್ತಾರ. ಯಾರಿಗರ ಗೊತ್ತಿದ್ರ ಹೇಳ್ರಿ.

ಇಂಡಿ ಕಡಿಯಾಂವ:
ಏನೂ ಆಗಂಗಿಲ್ಲ, ಆರಾಮ ಹಾಕಸ್ರಿ. ನಮ್ಮ ದೊಡ್ಡಪ್ಪ ಹಾಕಿಸ್ಕೊಂಡು ತೊಗರಿ ರಾಶಿ ಮಾಡ್ಯಾನ.

ಶಾಪೂರದಾಕಿ, ಬೆಳಗಾವಿ:
ಇಂಡಿ ಅಣ್ಣಾರ, ನಿಮ್ಮ ದೊಡ್ಡಪ್ಪಗ ಕಾಚಬಿಂದು ಇತ್ತೇನ್ರಿ? ನಾನು ಕಣ್ಣಿನ ದವಾಖಾನ್ಯಾಗ ಪ್ರೆಶರ್ ನೋಡೂ ಕೆಲಸಾನ ಮಾಡ್ತೀನಿ, ಸಂಬಂಧ ಐತಿ. ಸಂದಿನ್ಯಾಗ ಹಾಕಿದ ಔಷಧ ಪೂರಾ ಅಲ್ಲೇ ಕುಂದ್ರಂಗಿಲ್ಲ, ಸಾವಕಾಶ ರಕ್ತಕ್ಕ ಇಳಿತೈತಿ, ಕಣ್ಣೊಳಗಿನ ನೀರು ಹೊರಗ ಹೋಗೂ ಜಾಲರಿ ಇರತೈತಲ್ಲ ಅದು ಸ್ಟೀರಾಯ್ಡಿಗೆ ಬಿಗಿ ಆಗಿ ನೀರು ನಿಂತು ಪ್ರೆಶರ್ ಏರತೈತಿ. ಎಲ್ಲಾರಿಗೂ ಅಲ್ಲ, ಕಣ್ಣಿಗೇ ಹಾಕೂ ಸ್ಟೀರಾಯ್ಡ್ ಹನಿಯಷ್ಟು ಜೋರೂ ಅಲ್ಲ, ಆದ್ರ ಕಾಚಬಿಂದು ಇದ್ದವ್ರಿಗೆ, ತಂದಿ-ತಾಯಿಗೆ ಇದ್ದವ್ರಿಗೆ, ಶುಗರ್ ಇದ್ದವ್ರಿಗೆ, ದೊಡ್ಡ ಮೈನಸ್ ನಂಬರ್ ಚಸ್ಮಾದವ್ರಿಗೆ ಏರೂದು ಜಾಸ್ತಿ. ಮಾಮೂಲಿ ಕಣ್ಣಿನ ಪ್ರೆಶರ್ 10ರಿಂದ 21 ಅಂತೀವಿ, ಆದ್ರ ಕಣ್ಣಿನ ನರ ಮೊದಲ ಸೋತಿದ್ರ 20 ಸುದ್ದಾ ಹೆಚ್ಚಾಗಬಹುದು. ಭಾಳ ಸಲ ನೋವು ಬರಂಗಿಲ್ಲ, ಅದಕ್ಕ ಕಣ್ಣು ನೋಯ್ದ್ರ ಹೋಗೂಣು ಅಂತ ಕುಂದ್ರಬ್ಯಾಡ್ರಿ. ಹಳದಿ ಹನಿ ಹಾಕಿ, ಗದ್ದ ಮಷೀನಿನ ಮ್ಯಾಲ ಇಡಿಸಿ ನೀಲಿ ಬೆಳಕಿನ್ಯಾಗ ನೋಡ್ತಾರಲ್ಲ, ಅದನ್ನ ಇಂಜೆಕ್ಷನ್ನಿಗೆ ಮೊದಲ ಒಮ್ಮೆ ಮಾಡಿಸಿ ಇಟ್ಕೋರಿ, ಆಮ್ಯಾಲ ವಾರ ಹದಿನೈದು ದಿನಕ್ಕ ಒಮ್ಮೆ, ಮತ್ತ ತಿಂಗಳಿಗೊಮ್ಮೆ. ಎರಡೂ ಕಾಲಿಗೆ ಒಂದ ದಿನ ಅಂದ್ರ ಡೋಸ್ ಡಬಲ್ ಆಕ್ಕೈತಿ, ಒಂದೊಂದ ಕಾಲಿಗೆ ಹಾಕಾಕ ಬರತೈತೇನು ಅಂತ ಕೇಳ್ರಿ.

ಜಮಖಂಡಿ ಪಾಟೀಲ:
ಶುಗರ್ ಇದ್ರ ಅದನ್ನೂ ನೋಡ್ಕೋರಿ. ನಮ್ಮಪ್ಪಗ ಇಂಜೆಕ್ಷನ್ ಆದ ಮ್ಯಾಲ ನಾಕೈದು ದಿನ ಶುಗರ್ ಏರೇ ಇತ್ತು. ಕಾಲು ಹಗರ ಆಗಿದ್ದು ಖರೇ, ಆದ್ರ ತಿಂಗಳೆರಡು ತಿಂಗಳಷ್ಟ. ಹ್ಯಾಲುರಾನಿಕ್ ಜೆಲ್ ಅಂತ ಬ್ಯಾರೆ ಇಂಜೆಕ್ಷನ್ ಬರತೈತಿ, ಸ್ಟೀರಾಯ್ಡ್ ಅಲ್ಲ, ತುಟ್ಟಿ, ಎಲ್ಲಾರಿಗೂ ಹತ್ತಂಗೂ ಇಲ್ಲ.

ನವನಗರದಾಂವ:
ಶುಗರ್ ಇಲ್ರಿ. ಅಕ್ಕಾರ, ಇಂಜೆಕ್ಷನ್ ತಗೊಂಡಾಗ ಹನಿ ಒಂದ್ ನಾಕ್ ದಿನ ನಿಲ್ಲಿಸಬೇಕೇನ್ರಿ?

ಶಾಪೂರದಾಕಿ:
ಅಯ್ಯ, ನಿಲ್ಲಿಸಾಕ ಹೋಗಬ್ಯಾಡ್ರಿ! ಒಂದ ರಾತ್ರಿನೂ ತಪ್ಪಬಾರದು. ಕಾಚಬಿಂದು ಚೀಟಿ ಎಲುಬಿನ ಡಾಕ್ಟರಿಗೂ ತೋರಸ್ರಿ, ಭಾಳ ಮಂದಿ ಅವರಿಗೆ ಹೇಳಿರಂಗೇ ಇಲ್ಲ.